ಪ್ಯಾರಾಲೀಗಲ್ ಆಗೋಕೆ ಯಾವ ಡಿಗ್ರಿ ಓದಬೇಕು? ಕೊಡಗಿನಲ್ಲೇ ಇದ್ದು ಈ ಕೆಲಸ ಮಾಡಬಹುದಾ?

ಶನಿವಾರಸಂತೆ_ಬಿಎ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷ, ಇತಿಹಾಸ ಮತ್ತು ರಾಜ್ಯಶಾಸ್ತ್ರ. ಮನೆ ಶನಿವಾರಸಂತೆ ಹತ್ತಿರ, ಒಂದೂವರೆ ಎಕರೆ ಕಾಫಿ, ಚೂರು ಗದ್ದೆ. ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ ದಾರಿ ಹೇಳಿ.

ನಮ್ಮಜ್ಜಿಯ ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆ. ಆಧಾರ್‌ನಲ್ಲಿ ಒಂದು ಥರ, ಪಹಣಿಯಲ್ಲಿ ಇನ್ನೊಂದು ಥರ. ಅದೊಂದರಿಂದ ಬೆಳೆಸಾಲ ನಿಂತುಹೋಯ್ತು. ಅಪ್ಪ ತೋಟದ ಕೆಲಸ ಬಿಟ್ಟು ಒಂದು ಕಚೇರಿಗೆ ಐದು ಸಲ ಅಲೆದರು. ಹೋದಾಗಲೆಲ್ಲ ಹೊಸದೊಂದು ಕಾಗದ ತನ್ನಿ ಅಂತಾರೆ. ಐದನೇ ಸಲ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಜಗಲಿಯಲ್ಲಿ ಕೂತಿದ್ದ ಒಬ್ಬ ಅಕ್ಕ ನಮ್ಮ ಕಾಗದ ಇಸ್ಕೊಂಡು ಓದಿದರು. "ಇದು ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪೋ, ಮೊದಲಿಂದಲೂ ಇದ್ದದ್ದೋ, ಅದು ಗೊತ್ತಾಗಬೇಕು. ಹಳೇ ಕೈಬರಹದ ಪಹಣಿಯ ನಕಲು ತೆಗೆಸಿ" ಅಂದರು. ಐದು ಸಲದಲ್ಲಿ ಒಬ್ಬರೂ ಈ ಮಾತು ಹೇಳಿರಲಿಲ್ಲ. ನೀವು ಲಾಯರಾ ಅಂತ ಕೇಳಿದೆ. "ಇಲ್ಲಮ್ಮ, ಪ್ಯಾರಾಲೀಗಲ್ ವಾಲಂಟಿಯರ್" ಅಂದರು.

ಆವತ್ತಿಂದ ನನಗೆ ಅದೇ ಕೆಲಸ ಮಾಡಬೇಕು ಅನ್ನಿಸಿಬಿಟ್ಟಿದೆ. ಮೊಬೈಲಲ್ಲಿ ಹುಡುಕಿದೆ, ಜಾಹೀರಾತು ಬರೋಕೆ ಶುರುವಾಯ್ತು. ಒಂದು ಸಂಸ್ಥೆಯವರು ದಿನಾ ಫೋನ್ ಮಾಡ್ತಾರೆ. ಒಂದು ವರ್ಷದ "ಅಂತಾರಾಷ್ಟ್ರೀಯ ಪ್ಯಾರಾಲೀಗಲ್ ಪದವಿ", ಎಲ್ಲ ಆನ್‌ಲೈನ್, 85 ಸಾವಿರ, ಮುಗಿದ ಮೇಲೆ ಕೆಲಸ ಗ್ಯಾರಂಟಿ ಅಂತೆ. ಈ ಸಲದ ಕರಿಮೆಣಸಿನ ದುಡ್ಡು ಹಾಗೇ ಇದೆ, ಕಟ್ಟಿಬಿಡೋಣ ಅಂತಿದ್ದಾರೆ ಅಪ್ಪ. ಶುಕ್ರವಾರದೊಳಗೆ ಕಟ್ಟಬೇಕಂತೆ.

ಕಟ್ಟಬಹುದಾ? ಇಲ್ಲಾಂದ್ರೆ ಈ ಕೆಲಸಕ್ಕೆ ನಿಜವಾಗಿ ಏನು ಓದಬೇಕು?

ಮಡಿಕೇರಿ_ವಕೀಲೆ

ಕಟ್ಟಬೇಡಮ್ಮ. ಮೊದಲು ಅಪ್ಪನಿಗೆ ಫೋನ್ ಮಾಡಿ ಹೇಳು, ಆಮೇಲೆ ಬಾಕಿ ಓದು.

ನಮ್ಮ ದೇಶದಲ್ಲಿ ಪ್ಯಾರಾಲೀಗಲ್ ಅನ್ನುವುದಕ್ಕೆ ಲೈಸೆನ್ಸ್ ಇಲ್ಲ. ಇಂಥ ಪದವಿ ಇದ್ದರೆ ಮಾತ್ರ ಪ್ಯಾರಾಲೀಗಲ್ ಎಂದು ಹೇಳುವ ಕಾನೂನೂ ಇಲ್ಲ. 1961ರ ವಕೀಲರ ಕಾಯ್ದೆ ವಕೀಲರನ್ನು ಮಾತ್ರ ಗುರುತಿಸುತ್ತದೆ. ಹಾಗಾಗಿ ಆ 85 ಸಾವಿರದ ಸರ್ಟಿಫಿಕೇಟಿಗೆ ಮಡಿಕೇರಿ ಕೋರ್ಟಿನಲ್ಲೂ ಬೆಂಗಳೂರಿನ ಆಫೀಸಿನಲ್ಲೂ ವಿಶೇಷ ಬೆಲೆಯೇನೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಒಂದೇ ಹೆಸರಿನಲ್ಲಿ ಇಲ್ಲಿ ಎರಡು ಬೇರೆ ಕೆಲಸಗಳಿವೆ. ನೀನು ಜಗಲಿಯಲ್ಲಿ ಕಂಡ ಅಕ್ಕ ಕಾನೂನು ಸೇವೆಗಳ ಪ್ರಾಧಿಕಾರದ ಕಡೆಯವರು, ಕನ್ನಡದಲ್ಲಿ ಅರೆ ಕಾನೂನು ಸ್ವಯಂಸೇವಕರು, ಚಿಕ್ಕದಾಗಿ ಪಿಎಲ್‌ವಿ ಎನ್ನುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ ಕೆಳಗೆ ರಾಷ್ಟ್ರೀಯ ಪ್ರಾಧಿಕಾರ 2009ರಲ್ಲಿ ಈ ಸ್ವಯಂಸೇವಕರ ಯೋಜನೆ ತಂದಿತು. ಅದಕ್ಕೆ ಡಿಗ್ರಿ ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು, ಸ್ವಸಹಾಯ ಸಂಘದವರು, ಕಾನೂನು ವಿದ್ಯಾರ್ಥಿಗಳು ಎಲ್ಲರೂ ಆಗಬಹುದು. ಪ್ರಾಧಿಕಾರವೇ ಆಯ್ಕೆ ಮಾಡಿ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುತ್ತದೆ. ಆದರೆ ಇದು ನೌಕರಿ ಅಲ್ಲ. ಕೆಲಸಕ್ಕೆ ಹಾಕಿದ ದಿನಕ್ಕೆ ಗೌರವಧನ ಅಷ್ಟೇ. ಜನರಿಂದ ಒಂದು ರೂಪಾಯಿಯೂ ಮುಟ್ಟುವಂತಿಲ್ಲ.

ಎರಡನೆಯದು ಸಂಬಳದ ಪ್ಯಾರಾಲೀಗಲ್: ವಕೀಲರ ಆಫೀಸು, ಲಾ ಫರ್ಮ್, ಬ್ಯಾಂಕು, ಕಂಪನಿಗಳಲ್ಲಿ. ಅವರು ಯಾವುದಾದರೂ ಡಿಗ್ರಿ ಕೇಳುತ್ತಾರೆ, ಎಲ್‌ಎಲ್‌ಬಿ ಇದ್ದರೆ ಮೊದಲು ಕರೆಯುತ್ತಾರೆ.

ನಿನಗೆ ಇವೆರಡರಲ್ಲಿ ಯಾವುದು ಬೇಕು?

ತೋಟದ_ಅಪ್ಪ

ನನ್ನ ಮಗಳೂ ಡಿಗ್ರಿ ಓದುತ್ತಿದ್ದಾಳೆ, ಅದಕ್ಕೆ ಕೇಳುತ್ತಿದ್ದೇನೆ. ಸಂಬಳವಿಲ್ಲದ ಕೆಲಸಕ್ಕೆ ಮಕ್ಕಳನ್ನು ಹೇಗೆ ಕಳಿಸುವುದು? ಈ ಹುಡುಗಿ ಮನಸ್ಸು ಒಳ್ಳೆಯದು. ಆದರೆ ನಾಳೆ ಅವಳೂ ಬದುಕಬೇಕಲ್ಲ. ಬಿಎಡ್ ಮಾಡಲಿ, ಬ್ಯಾಂಕ್ ಪರೀಕ್ಷೆ ಬರೆಯಲಿ.

ವಿರಾಜಪೇಟೆ_ಗುಮಾಸ್ತ

ತೋಟದ ಅಪ್ಪನವರೇ, ನಿಮ್ಮ ಮಾತು ಸರಿ. ನಾನು 22 ವರ್ಷದಿಂದ ವಕೀಲರ ಗುಮಾಸ್ತ. ಪಿಯುಸಿ ಮಾತ್ರ. ಎರಡು ಮಕ್ಕಳನ್ನು ಓದಿಸಿದ್ದೇನೆ, ಹೆಂಚಿನ ಮನೆ ಕಟ್ಟಿದ್ದೇನೆ. ಶ್ರೀಮಂತನಾಗಿಲ್ಲ, ಯಾರ ಹತ್ತಿರವೂ ಕೈಚಾಚಿಲ್ಲ. ಈ ಕೆಲಸದಲ್ಲಿ ಅನ್ನ ಇದೆ. ಆದರೆ ಕೆಲಸ ಕಲಿತವರಿಗೆ ಇದೆ.

ತಂಗಿ, ನೀನು ಪ್ಯಾರಾಲೀಗಲ್ ಅನ್ನುವುದನ್ನು ನಮ್ಮಲ್ಲಿ ಮೊದಲಿಂದಲೂ ಗುಮಾಸ್ತರು ಮಾಡಿಕೊಂಡು ಬಂದಿದ್ದಾರೆ. ಬೆಳಿಗ್ಗೆ ಕಾಸ್ ಲಿಸ್ಟ್, ಅಂದರೆ ಆ ದಿನದ ಕೇಸುಗಳ ಪಟ್ಟಿ ನೋಡುವುದು, ಯಾವ ಹಾಲ್‌ನಲ್ಲಿ ಯಾವ ಕೇಸು ಎಂದು ಡೈರಿಗೆ ಬರೆಯುವುದು, ವಕಾಲತ್ತಿಗೆ ಸಹಿ ಹಾಕಿಸುವುದು, ಸ್ಟ್ಯಾಂಪ್ ಹಚ್ಚುವುದು, ಸಮನ್ಸಿನ ಬಟವಾಡೆ ಖರ್ಚು ಕಟ್ಟುವುದು, ನಕಲು ಅರ್ಜಿ ಹಾಕುವುದು. ಕೇಳಿದರೆ ಸಣ್ಣ ಕೆಲಸ. ಇದರಲ್ಲಿ ಒಂದು ತಪ್ಪಿದರೆ ಒಂದು ಕುಟುಂಬದ ಜಾಗ ಹೋಗುತ್ತದೆ.

ಒಂದು ಉದಾಹರಣೆ. ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ. ಹೈಕೋರ್ಟಿಗಾದರೆ 90. ಆದರೆ ನಕಲು ತಯಾರಾಗಲು ಹಿಡಿದ ದಿನಗಳನ್ನು ಆ ಲೆಕ್ಕದಿಂದ ಕಳೆಯುತ್ತಾರೆ, ಕಾಲಮಿತಿ ಕಾಯ್ದೆಯ 12ನೇ ಕಲಂ. ಅದಕ್ಕೆ ಸರ್ಟಿಫೈಡ್ ಕಾಪಿಯ ಮೇಲೆ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಎಲ್ಲ ಬರೆದಿರುತ್ತದೆ. ಜನ ಹಾಳೆ ತಿರುಗಿಸಿ ಮುಂದಿನದ್ದು ಓದುತ್ತಾರೆ, ಗುಮಾಸ್ತ ಮೊದಲು ಆ ತಾರೀಖು ನೋಡುತ್ತಾನೆ. ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕು ಎಂದು ನನಗೆ ಕಲಿಸಿದವರು ಈಗ ಇಲ್ಲ. ಅವರು ಹೇಳಿಕೊಟ್ಟ ಆ ಒಂದು ಮಾತಿನಿಂದ ಎಷ್ಟು ಮೇಲ್ಮನವಿಗಳು ಉಳಿದವೋ.

ಇನ್ನೊಂದು. ಐದಾರು ವರ್ಷದ ಹಿಂದೆ ಅಮ್ಮತ್ತಿ ಕಡೆಯ ವಯಸ್ಸಾದವರೊಬ್ಬರು ಕೈಸಾಲದ ಪ್ರೊನೋಟು ತಂದರು. "ಹಬ್ಬ ಕಳೆಯಲಿ, ಆಮೇಲೆ ಕೇಸು ಹಾಕೋಣ" ಅಂದರು. ನೋಟಿನ ತಾರೀಖು ನೋಡಿದೆ, ಮೂರು ವರ್ಷ ತುಂಬಲು ನಾಲ್ಕೇ ದಿನ. ನಮ್ಮ ಸಾಹೇಬರು ರಾತ್ರಿ ಕೂತು ದಾವೆ ಬರೆದರು, ನಾನು ಟೈಪ್ ಮಾಡಿದೆ. ಹಬ್ಬ ಕಾದಿದ್ದರೆ ಆ ದುಡ್ಡು ಮುಳುಗುತ್ತಿತ್ತು.

ಡಿಗ್ರಿ ಮಾಡುತ್ತಲೇ ಕನ್ನಡ ಟೈಪಿಂಗ್ ಕಲಿ, ಸೀನಿಯರ್ ಪರೀಕ್ಷೆ ಪಾಸು ಮಾಡು. ಇಂಗ್ಲಿಷ್ ಕೂಡ. 85 ಸಾವಿರಕ್ಕಿಂತ ಅದು ಮೇಲು.

ಶನಿವಾರಸಂತೆ_ಬಿಎ

ಅಪ್ಪನಿಗೆ ಹೇಳಿದೆ. ದುಡ್ಡು ಕಟ್ಟಿಲ್ಲ. ವಕೀಲೆ ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಯಾವುದು ಬೇಕು ಅಂತ ಕೇಳಿದಿರಿ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಜಗಲಿ ಅಕ್ಕನ ಕೆಲಸ ಬೇಕು, ಹೊಟ್ಟೆಪಾಡೂ ಆಗಬೇಕು. ಹಾಗೆ ಕೇಳೋದು ತಪ್ಪಾ ಗೊತ್ತಿಲ್ಲ.

ಬ್ರಾಂಪ್ಟನ್_ಕೊಡಗು

ತಪ್ಪಲ್ಲ. ಆ ಸಂಸ್ಥೆಯವರು "ಅಂತಾರಾಷ್ಟ್ರೀಯ" ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕೆನಡಾದ ಒಂಟಾರಿಯೋದಲ್ಲಿ ಲೈಸೆನ್ಸ್ ಇರುವ ಪ್ಯಾರಾಲೀಗಲ್. ಹುಟ್ಟೂರು ಸಿದ್ದಾಪುರ.

ಇಲ್ಲಿ ಪ್ಯಾರಾಲೀಗಲ್ ಎಂದರೆ ಕಾನೂನು ಒಪ್ಪಿದ ವೃತ್ತಿ. 2007ರಿಂದ ವಕೀಲರ ಲಾ ಸೊಸೈಟಿಯೇ ನಮ್ಮನ್ನೂ ನಿಯಂತ್ರಿಸುತ್ತದೆ. ಸೊಸೈಟಿ ಮಾನ್ಯ ಮಾಡಿದ ಕಾಲೇಜಿನಲ್ಲಿ ಓದಬೇಕು, ಕನಿಷ್ಠ 120 ಗಂಟೆ ಕಚೇರಿಯಲ್ಲಿ ಕೆಲಸ ಮಾಡಬೇಕು, ಆಮೇಲೆ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಸ್ವಂತ ಬೋರ್ಡ್ ಹಾಕಿಕೊಂಡು ಸ್ಮಾಲ್ ಕ್ಲೇಮ್ಸ್ ಕೋರ್ಟು, ಬಾಡಿಗೆದಾರ–ಮಾಲೀಕರ ಮಂಡಳಿ, ಟ್ರಾಫಿಕ್ ಕೇಸುಗಳಲ್ಲಿ ಕಕ್ಷಿದಾರರ ಪರ ನಿಲ್ಲಬಹುದು. ಅಮೆರಿಕದಲ್ಲಿ ಬೇರೆ. ಅಲ್ಲಿ ಹೆಚ್ಚಿನ ಕಡೆ ಲೈಸೆನ್ಸ್ ಇಲ್ಲ, ವಕೀಲರ ಮೇಲ್ವಿಚಾರಣೆಯಲ್ಲೇ ಕೆಲಸ. ಅಲ್ಲಿನ ಬಾರ್ ಅಸೋಸಿಯೇಷನ್ ಕಾಲೇಜಿನ ಕೋರ್ಸಿಗೆ ಒಪ್ಪಿಗೆ ಕೊಡುತ್ತದೆ, ಓದಿದ ವ್ಯಕ್ತಿಗೆ ಅಲ್ಲ.

ಒಂಟಾರಿಯೋದ ಪ್ಯಾರಾಲೀಗಲ್ ಲೈಸೆನ್ಸ್ ಕೆನಡಾದ ಪಕ್ಕದ ಪ್ರಾಂತ್ಯದಲ್ಲೇ ನಡೆಯುವುದಿಲ್ಲ. ಎಲ್ಲ ದೇಶದಲ್ಲೂ ನಡೆಯುವ ಪದವಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಇಲ್ಲಿಗೆ ಬರುವ ಆಸೆ ಇದ್ದರೆ ಮುಂದೆ ಬೇರೆಯೇ ಮಾತಾಡೋಣ. ನೀನು ಬರೆದದ್ದು ನೋಡಿದರೆ ನಿನ್ನ ಮನಸ್ಸು ಅಜ್ಜಿಯ ಪಹಣಿಯಲ್ಲಿದೆ. ಅದಕ್ಕೆ ಒಂಟಾರಿಯೋ ಕಾನೂನು ಓದಿ ಏನು ಮಾಡುತ್ತೀ?

ನಿವೃತ್ತ_ಕಂದಾಯ

ಮಗೂ, ಪಹಣಿಯ ಮಾತು ಬಂತಲ್ಲ, ಅದಕ್ಕೇ ನಾನು ಬಂದೆ. 34 ವರ್ಷ ಕಂದಾಯ ಇಲಾಖೆಯಲ್ಲಿದ್ದೆ.

ಪ್ಯಾರಾಲೀಗಲ್ ಎಂದು ಹೆಸರು ಹಾಕಿಕೊಳ್ಳುವ ಮೊದಲು ಪಹಣಿ ಓದಲು ಕಲಿ. 9ನೇ ಕಾಲಂ ಮಾಲೀಕರ ಹೆಸರು. 10ನೆಯದು ಆ ಹಕ್ಕು ಹೇಗೆ ಬಂತು, ಅಂದರೆ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು, ಎಂ.ಆರ್. ಎಂದು ಬರೆದಿರುತ್ತದೆ. 11ರಲ್ಲಿ ಸಾಲ, ಋಣ, ಇತರ ಹಕ್ಕು. 12ರಲ್ಲಿ ಸಾಗುವಳಿ, ಬೆಳೆ. ಎಲ್ಲರೂ 9ನ್ನು ನೋಡಿ ಮಡಚಿಡುತ್ತಾರೆ. ಕಥೆ ಇರುವುದು 10 ಮತ್ತು 11ರಲ್ಲಿ. ನಿನ್ನ ಅಜ್ಜಿಯದರಲ್ಲಿ 10ನೇ ಕಾಲಂನ ಎಂ.ಆರ್. ನಂಬರು ಹಿಡಿದು ಆ ಮ್ಯುಟೇಶನ್ ರಿಜಿಸ್ಟರಿನ ನಕಲು ಕೇಳು. ಜೊತೆಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸುವ ಮೊದಲಿನ ಕೈಬರಹದ ಪಹಣಿ. ಎರಡರಲ್ಲೂ ಹೆಸರು ಸರಿ ಇದ್ದರೆ ತಪ್ಪು ಇಲಾಖೆಯದ್ದು, ತಿದ್ದುಪಡಿ ಅರ್ಜಿಗೆ ಅವೆರಡೇ ಸಾಕು. ಅಲ್ಲೂ ತಪ್ಪಿದ್ದರೆ ದಾರಿ ಬೇರೆ, ಆಗ ಹೇಳುತ್ತೇನೆ.

ಕೊಡಗಿನಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಹೊರೆ ಇದೆ. ಇಲ್ಲಿಯ ಜಮೀನು ಬೇರೆ ಜಿಲ್ಲೆಯ ಹಾಗಲ್ಲ. ಜಮ್ಮಾ ಎಂದರೆ ವಂಶಪಾರಂಪರ್ಯದ ಹಿಡುವಳಿ, ಸಾಗು ಎಂದರೆ ಪೂರ್ತಿ ಕಂದಾಯದ ಜಮೀನು, ಪೈಸಾರಿ ಎಂದರೆ ಸರ್ಕಾರಿ ಪಾಳು, ಮತ್ತೆ ಬಾಣೆ, ಒಂದೊಂದಕ್ಕೂ ಒಂದೊಂದು ಚರಿತ್ರೆ. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಕಂದಾಯವಿಲ್ಲದೆ ಬಾಣೆ ಕೊಟ್ಟರು. ಜಮ್ಮಾ ಗದ್ದೆಗೆ ಸಾಗು ಗದ್ದೆಯ ಅರ್ಧ ಕಂದಾಯ. 1899ರ ಕೂರ್ಗ್ ಭೂಕಂದಾಯ ರೆಗ್ಯುಲೇಶನ್ನಿನ ಪದಗಳು ಇವತ್ತಿನ ಪಹಣಿಯಲ್ಲೂ ಇವೆ. 1956ರ ನವೆಂಬರ್ 1ರವರೆಗೆ ನಾವು ಪ್ರತ್ಯೇಕ ರಾಜ್ಯ ಅಲ್ಲವೇ, ಅದಕ್ಕೆ. ಒಂದು ಜಮ್ಮಾ ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಹೆಸರು, ಅದರ ಕೆಳಗೆ ಒಕ್ಕದ, ಅಂದರೆ ಮನೆತನದ, ಇಪ್ಪತ್ತು ಮೂವತ್ತು ಜನ, ಅರ್ಧ ಮಂದಿ ತೀರಿಹೋಗಿರುತ್ತಾರೆ, ಕೆಲವರು ಎಲ್ಲಿದ್ದಾರೋ ಗೊತ್ತಿರುವುದಿಲ್ಲ. ಮಗಳ ಮದುವೆಗೆ ಸಾಲ ಬೇಕೆಂದರೆ ಅಷ್ಟೂ ಜನರ ಒಪ್ಪಿಗೆ ಬೇಕು. ಜಮ್ಮಾ ಬಾಣೆ ಹಕ್ಕಿನ ಬಗ್ಗೆ 1993ರ ಹೈಕೋರ್ಟ್ ಪೂರ್ಣಪೀಠದ ತೀರ್ಪನ್ನು ಒಮ್ಮೆ ಕೂತು ಓದು. ಇತಿಹಾಸದ ವಿದ್ಯಾರ್ಥಿನಿ ನೀನು, ಅದರಲ್ಲಿ ಅರ್ಧ ಇತಿಹಾಸವೇ ಇದೆ. ಬಿಎಯಲ್ಲಿ ಇತಿಹಾಸ ತೆಗೆದುಕೊಂಡದ್ದು ವ್ಯರ್ಥ ಎಂದು ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸು.

ಕುಶಾಲನಗರ_ಇಂದ_ಬೆಂಗಳೂರು

ನಾನು ಸಂಬಳದ ಕಡೆ ಇರುವವನು. ಬಿಕಾಂ ಮುಗಿಸಿ ಬೆಂಗಳೂರಿನ ಒಂದು ಲಾ ಫರ್ಮ್‌ಗೆ ಪ್ಯಾರಾಲೀಗಲ್ ಆಗಿ ಸೇರಿದೆ. ಮೊದಲ ಸಂಬಳ 18 ಸಾವಿರ, ಪಿಜಿ ಬಾಡಿಗೆ ಕೊಟ್ಟು ಮಿಕ್ಕಿದ್ದು ಕಡಿಮೆ. ಕೆಲಸ ಏನಂದರೆ, ಜಾಗ ಕೊಳ್ಳುವ ಕಂಪನಿಗಳಿಗೆ 30 ವರ್ಷದ ದಾಖಲೆ ಜೋಡಿಸಿ ತಾರೀಖಿನ ಪ್ರಕಾರ ಪಟ್ಟಿ ಮಾಡುವುದು, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುವುದು, ಕರಾರುಪತ್ರದಲ್ಲಿ ಹೆಸರು, ಸರ್ವೆ ನಂಬರು, ಚಕ್ಕುಬಂದಿ ತಾಳೆ ನೋಡುವುದು.

ಕೊಡಗಿನ ಫೈಲು ಬಂದರೆ ಆಫೀಸಿನವರೆಲ್ಲ ನನ್ನ ಮೇಜಿಗೆ ತಂದಿಡುತ್ತಿದ್ದರು. ಬಾಣೆ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಕಂದಾಯದ ಸಾರ್ ಹೇಳಿದ ಹೊರೆಯೇ ನನಗೆ ಅನ್ನ ಕೊಟ್ಟಿತು.

ಆದರೆ ತಂಗಿ, ಮೂರು ವರ್ಷದ ನಂತರ ಗೋಡೆ ಬಂತು. ನನ್ನ ಜೊತೆ ಸೇರಿದ ಎಲ್‌ಎಲ್‌ಬಿ ಆದವರು ಮೇಲೆ ಹೋದರು, ಅದೇ ಕೆಲಸ ಅವರಿಗೆ ಕಲಿಸಿದವನು ನಾನು. ಬೇಜಾರಾಗಿದ್ದು ನಿಜ. ಈ ವರ್ಷ ಕೆಲಸ ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುತ್ತಿದ್ದೇನೆ. ನೀನು ನನ್ನ ಹಾಗೆ ತಡ ಮಾಡಬೇಡ.

ಮಡಿಕೇರಿ_ವಕೀಲೆ

ಎಲ್‌ಎಲ್‌ಬಿ ಬಗ್ಗೆ ನನ್ನ ಇನ್‌ಬಾಕ್ಸಿಗೂ ಪ್ರಶ್ನೆಗಳು ಬಂದಿವೆ, ಎಲ್ಲರಿಗೂ ಇಲ್ಲೇ ಹೇಳಿಬಿಡುತ್ತೇನೆ.

ಪಿಯುಸಿ ನಂತರವಾದರೆ ಐದು ವರ್ಷ, ಡಿಗ್ರಿ ನಂತರವಾದರೆ ಮೂರು ವರ್ಷ. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಬೇಕು. ಬಿಎ ಇದ್ದರೆ ಸಾಕು, ಯಾವ ವಿಷಯವಾದರೂ ಆಗುತ್ತದೆ. ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ, ಹಾಜರಾತಿ ಬೇಕೇ ಬೇಕು. ಮನೆಯಲ್ಲೇ ಕೂತು ಎಲ್‌ಎಲ್‌ಬಿ ಎನ್ನುವವರ ಫೋನ್ ಬಂದರೆ ಇಟ್ಟುಬಿಡಿ.

ನಾನು ಓದಿದ್ದು ಸುಳ್ಯದಲ್ಲಿ. ವಾರಕ್ಕೊಮ್ಮೆ ಸಂಪಾಜೆ ಘಾಟಿ ಹತ್ತಿ ಮನೆಗೆ ಬರುತ್ತಿದ್ದೆ. ನಮ್ಮೂರಿನ ತುಂಬ ಮಕ್ಕಳು ಮೈಸೂರಿಗೆ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇದು ಗೊತ್ತಿಲ್ಲದೆ ಇಂಗ್ಲಿಷಿಗೆ ಹೆದರಿ ಹಿಂದೆ ಸರಿದ ಹುಡುಗಿಯರನ್ನು ನಾನು ಕಂಡಿದ್ದೇನೆ, ನೆನೆದರೆ ಸಂಕಟವಾಗುತ್ತದೆ. ಕನ್ನಡದಲ್ಲಿ ಬರೆದು ಪಾಸಾಗಿ, ಕನ್ನಡದಲ್ಲೇ ವಾದ ಮಾಡುವವರು ನಮ್ಮ ಕೆಳಹಂತದ ಕೋರ್ಟುಗಳಲ್ಲಿ ಇದ್ದಾರೆ. ಹಾಗೆಂದು ಇಂಗ್ಲಿಷ್ ಬಿಡಬೇಡಿ, ಹೈಕೋರ್ಟಿನ ತೀರ್ಪು ಓದಲು ಅದು ಬೇಕು.

ಖರ್ಚಿನ ವಿಷಯ. ವಕೀಲರಾಗಿ ನೋಂದಾಯಿಸಲು ಬಾರ್ ಕೌನ್ಸಿಲ್‌ಗಳು ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಿದ್ದವು. ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125, ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. ಬಡ ಮನೆಯ ಮಕ್ಕಳಿಗೆ ಅದು ದೊಡ್ಡ ತೀರ್ಪು.

ಹಳೆಯ ಪುಸ್ತಕ ಕೊಳ್ಳುವಾಗ ಹುಷಾರು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನರ ಬಾಯಲ್ಲಿ ಇನ್ನೂ 420 ಎಂದೇ ಇದೆ, ಕಾಗದದಲ್ಲಿ ಅದು 318(4). ಆ ತಾರೀಖಿಗಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯದೇ ನಡೆಯುತ್ತದೆ. ಹಾಗಾಗಿ ಎರಡೂ ಗೊತ್ತಿರಬೇಕು.

ಪೊನ್ನಂಪೇಟೆ_ಪಿಎಲ್‌ವಿ

ಎಲ್ಲರೂ ಎಲ್‌ಎಲ್‌ಬಿ ಕಡೆಗೆ ತಳ್ಳುತ್ತಿದ್ದೀರಿ. ತಪ್ಪೇನಿಲ್ಲ. ಆದರೆ ವಕೀಲರಾಗದೆ ಮಾಡುವ ಈ ಕೆಲಸ ಅರ್ಧ ಕೆಲಸ ಅನ್ನುವ ಹಾಗೆ ಈ ಹುಡುಗಿಗೆ ಕೇಳಿಸಬಾರದು. ನಾನು ಆರು ವರ್ಷದಿಂದ ಸ್ವಯಂಸೇವಕಿ. ಹೊಲಿಗೆ ನನ್ನ ಕಸುಬು, ಅದರಿಂದ ಮನೆ ನಡೆಯುತ್ತದೆ.

ನಾಗರಹೊಳೆ ಅಂಚಿನ ಆದಿವಾಸಿ ಹಾಡಿಗಳಿಗೆ ಹೋಗುತ್ತೇನೆ. ಜೇನುಕುರುಬರು, ಯರವರು, ಬೆಟ್ಟಕುರುಬರು. ಅಲ್ಲಿಗೆ ಕೋರ್ಟು ಬರುವುದಿಲ್ಲ, ನೋಟಿಸು ಬರುತ್ತದೆ. ಒಂದು ಮನೆಗೆ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದ ಹಿಂಬರಹ ಬಂದಿತ್ತು. ಏನೋ ಸರ್ಕಾರದ ಕಾಗದ, ಹಾಳಾಗಬಾರದು ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಮಾಡಿಗೆ ಸಿಕ್ಕಿಸಿದ್ದರು. ಅಷ್ಟು ಜೋಪಾನ. ನಾನು ತೆಗೆದು ಓದಿದ ದಿನಕ್ಕೆ 51 ದಿನ ಆಗಿತ್ತು. ಉಪವಿಭಾಗ ಸಮಿತಿಯ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಹೋಗಲು 60 ದಿನ. ಮಿಕ್ಕಿದ್ದು ಒಂಬತ್ತು. ಜುಲೈ ತಿಂಗಳು, ಮಳೆ ಬಿಡುತ್ತಿಲ್ಲ, ಕರೆಂಟಿಲ್ಲ. ಸಾಕ್ಷ್ಯ ಸಾಲದು ಎಂದು ಬರೆದಿದ್ದರು. ನಿಯಮದಲ್ಲಿ ಎರಡು ಸಾಕ್ಷ್ಯ ಸಾಕು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಪಕ್ಕದ ಹಾಡಿಯ ಅಜ್ಜ ಒಬ್ಬರು ಆ ಮನೆಯ ಹಳೇ ಸಮಾಧಿ ಜಾಗ, ಮಾವಿನ ಮರ, ಎಲ್ಲ ನಡೆದೇ ತೋರಿಸಿದರು. ಬರೆದು ಹೆಬ್ಬೆಟ್ಟು ಒತ್ತಿಸಿ 58ನೇ ದಿನ ಕೊಟ್ಟು ರಶೀದಿ ತಗೊಂಡೆವು.

ಅರ್ಜಿ ಇನ್ನೂ ನಡೆಯುತ್ತಿದೆ. ಗೆದ್ದೆವು ಎಂದು ಹೇಳಲಾರೆ. ಕಳೆದುಹೋಗಲು ಬಿಡಲಿಲ್ಲ, ಅಷ್ಟೇ.

ತಂಗಿ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಬೇಕೆಂದು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಪ್ರವಾಹ, ಭೂಕುಸಿತದಲ್ಲಿ ನೊಂದವರೂ ಅದರಲ್ಲಿದ್ದಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಮಣ್ಣು ಜಾರಿದಾಗ ಮನೆಯ ಜೊತೆ ಹಕ್ಕುಪತ್ರ, ಪಾಸ್‌ಬುಕ್, ಮಾರ್ಕ್ಸ್ ಕಾರ್ಡು ಎಲ್ಲ ಹೋಯಿತಲ್ಲ, ಅವರೆಲ್ಲ ಇದಕ್ಕೆ ಅರ್ಹರು. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 15100 ಎಂಬ ಸಹಾಯವಾಣಿ ಇದೆ ಎಂದೂ ಗೊತ್ತಿಲ್ಲ. ಗೊತ್ತು ಮಾಡಿಸುವುದು ನಮ್ಮ ಕೆಲಸ.

ವಿರಾಜಪೇಟೆ_ಗುಮಾಸ್ತ

ಪಿಎಲ್‌ವಿ ಅಕ್ಕ, ಮಾಡಿಗೆ ಸಿಕ್ಕಿಸಿದ ಕಾಗದದ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಆಫೀಸಿಗೂ ಹಾಗೇ ಬರುತ್ತವೆ, ಆದರೆ ದಿನ ಮುಗಿದ ಮೇಲೆ.

ಒಂದು ಎಚ್ಚರಿಕೆ ಮಾತ್ರ ತಂಗಿಗೆ. ಗೆರೆ ಎಲ್ಲಿದೆ ಗೊತ್ತಿರಲಿ. ಅರ್ಜಿ ಬರೆದುಕೊಡಬಹುದು, ಎಲ್ಲಿಗೆ ಹೋಗಬೇಕು ಹೇಳಬಹುದು, ಜೊತೆಗೆ ಹೋಗಬಹುದು. ವಕೀಲರ ಹಾಗೆ ಕೋರ್ಟಿನಲ್ಲಿ ನಿಂತರೆ ವಕೀಲರ ಕಾಯ್ದೆಯ 45ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲಿದೆ. ಅದಕ್ಕಿಂತ ಕೆಟ್ಟದ್ದು ಕಮಿಷನ್. "ಈ ವಕೀಲರ ಹತ್ತಿರ ಹೋಗಿ" ಎಂದು ಕಳಿಸಿ ದುಡ್ಡು ಇಸಿದುಕೊಂಡ ದಿನ ನೀನು ದಲ್ಲಾಳಿ. ಜಗಲಿಯಲ್ಲಿ ಅಂಥವರೂ ಕೂತಿರುತ್ತಾರೆ, ಜನಕ್ಕೆ ವ್ಯತ್ಯಾಸ ಬೇಗ ತಿಳಿಯುವುದಿಲ್ಲ. ಗುರುತಿನ ಚೀಟಿ ಕೊರಳಲ್ಲಿರಲಿ.

ಶನಿವಾರಸಂತೆ_ಬಿಎ

ಪಿಎಲ್‌ವಿ ಅಕ್ಕ, ನಿಮ್ಮದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಲೆ ಮುಂದೆ ಕೂತಿದ್ದವರು ಎದ್ದು ಬಂದು ಇನ್ನೊಂದು ಸಲ ಓದು ಅಂದರು.

ಒಂದು ಪ್ರಶ್ನೆ. ಬಿಎ ಜೊತೆಗೇ ಕಾನೂನಿನ ಬುನಾದಿ ಕಲಿಯುವ, ಮಾನ್ಯತೆ ಇರುವ ಕೋರ್ಸ್ ಏನಾದರೂ ಇದೆಯಾ?

ಕುಶಾಲನಗರ_ಇಂದ_ಬೆಂಗಳೂರು

ಇದೆ. ಇಗ್ನೋದಲ್ಲಿ ಪ್ಯಾರಾಲೀಗಲ್ ಪ್ರಾಕ್ಟೀಸ್ ಡಿಪ್ಲೊಮಾ, ಪಿಯುಸಿ ಆಗಿದ್ದರೆ ಸಾಕು, ಕನಿಷ್ಠ ಒಂದು ವರ್ಷ. ಕಾಲೇಜಿಗೆ ಹೋಗುತ್ತಾ ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಬಹುದು ಎಂದು ಯುಜಿಸಿ 2022ರಲ್ಲೇ ಒಪ್ಪಿದೆ. ನಾನು ಮಾಡಿದ್ದೇನೆ. ಪಾಠ ಚೆನ್ನಾಗಿದೆ, ಶುಲ್ಕ ಆ 85 ಸಾವಿರದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕನ್ನಡದಲ್ಲಿಲ್ಲ, ನಮ್ಮ ಪಹಣಿ, ಬಾಣೆ ಅದರಲ್ಲಿಲ್ಲ. ಸೇರುವ ಮುಂಚೆ ಆ ವರ್ಷದ ಪ್ರವೇಶ ತೆರೆದಿದೆಯೇ ಅವರ ವೆಬ್‌ಸೈಟಿನಲ್ಲೇ ನೋಡು, ಮಧ್ಯವರ್ತಿ ಬೇಡ.

ಮಡಿಕೇರಿ_ವಕೀಲೆ

ಡಿಪ್ಲೊಮಾ ಮಾಡಿದರೆ ಒಳ್ಳೆಯದು, ಮಾಡದಿದ್ದರೂ ನಷ್ಟವಿಲ್ಲ. ನನ್ನನ್ನು ಕೇಳಿದರೆ ಬಿಎ ಚೆನ್ನಾಗಿ ಮುಗಿಸು, ಅಂಕ 45ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೋ. ಜಿಲ್ಲಾ ಪ್ರಾಧಿಕಾರ ಸ್ವಯಂಸೇವಕರಿಗೆ ಅರ್ಜಿ ಕರೆದಾಗ ಹಾಕು. ಪ್ರಕಟಣೆ ಪತ್ರಿಕೆಯಲ್ಲೂ ಬರುತ್ತದೆ, ಕೋರ್ಟಿನ ನೋಟಿಸ್ ಬೋರ್ಡಿನಲ್ಲೂ ಇರುತ್ತದೆ. ಲೋಕ ಅದಾಲತ್ ದಿನ ಒಮ್ಮೆ ಬಂದು ಸುಮ್ಮನೆ ಕೂತು ನೋಡು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ನೀನೇ ಬರೆದು ಹಾಕು, 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ ಬರೆ. ಯಾವ ಕಾಲೇಜೂ ಇದನ್ನು ಹೀಗೆ ಕಲಿಸುವುದಿಲ್ಲ.

ಎಲ್‌ಎಲ್‌ಬಿ ಬೇಕೋ ಬೇಡವೋ ಎಂದು ಮೂರನೇ ವರ್ಷದಲ್ಲಿ ತೀರ್ಮಾನಿಸು. ಆಗ ನಿನಗೇ ಗೊತ್ತಾಗಿರುತ್ತದೆ. ಎಲ್‌ಎಲ್‌ಬಿ ಓದುತ್ತಾ ಸ್ವಯಂಸೇವಕಿಯಾಗಿ ಇರಬಹುದು, ವಕೀಲೆಯಾಗಿ ನೋಂದಾಯಿಸಿದ ದಿನ ಆ ಚೀಟಿ ವಾಪಸ್ ಕೊಡಬೇಕು. ಪರಿಶಿಷ್ಟ, ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಹತ್ತಿರ ಕಲಿಯುವಾಗ ಸರ್ಕಾರದಿಂದ ಶಿಷ್ಯವೇತನ ಇದೆ, ಅದನ್ನೂ ನೆನಪಿನಲ್ಲಿಡಿ.

ತೋಟದ_ಅಪ್ಪ

ಮೊದಲು ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಮ್ಮ. ಗುಮಾಸ್ತರ ಮಾತು, ಪೊನ್ನಂಪೇಟೆಯವರ ಮಾತು ಮಗಳಿಗೆ ಓದಲು ಕೊಟ್ಟೆ. ಅವಳಿಗೂ ಆ ಟೈಪಿಂಗ್ ಪರೀಕ್ಷೆ ಬರೆಸುತ್ತೇನೆ.

ಶನಿವಾರಸಂತೆ_ಬಿಎ (ಏಳು ವಾರದ ನಂತರ)

ಎಲ್ಲರಿಗೂ ಹೇಳಬೇಕಿತ್ತು, ಇಂಟರ್ನಲ್ಸ್ ಇತ್ತು, ತಡವಾಯ್ತು.

ಕಂದಾಯದ ಸಾರ್ ಹೇಳಿದ ಹಾಗೆ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದೆ. ಮೊದಲ ಸಲ ಆ ವರ್ಷದ ಪುಸ್ತಕ ಸಿಗ್ತಿಲ್ಲ ಅಂದರು. ಅರ್ಜಿಗೆ ಸ್ವೀಕೃತಿ ಕೊಡಿ ಅಂದೆ. ಕೊಟ್ಟರು. ಮುಂದಿನ ವಾರ ಹೋದಾಗ ಪುಸ್ತಕ ಸಿಕ್ಕಿತ್ತು. ಕೈಬರಹದ ಪಹಣಿಯಲ್ಲಿ, ಮ್ಯುಟೇಶನ್ ರಿಜಿಸ್ಟರಿನಲ್ಲಿ, ಎರಡರಲ್ಲೂ ಅಜ್ಜಿ ಹೆಸರು ಸರಿ ಇದೆ. ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದಾರೆ. ನಕಲು ಕೈಗೆ ಬಂದ ತಕ್ಷಣ ಗುಮಾಸ್ತ ಅಣ್ಣ ಹೇಳಿದ ತಾರೀಖುಗಳು ಇವೆಯಾ ಅಂತ ಮೊದಲು ಅದನ್ನೇ ನೋಡಿದೆ. ತಿದ್ದುಪಡಿ ಅರ್ಜಿ ಕೊಟ್ಟಿದ್ದೀವಿ. ಅಜ್ಜಿಗೆ ಆ ನಕಲು ತೋರಿಸಿದೆ. ಓದೋಕೆ ಬರಲ್ಲ, ಆದರೂ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು.

ಟೈಪಿಂಗ್ ಕ್ಲಾಸಿಗೆ ಸೇರಿದ್ದೀನಿ. ಸ್ವಯಂಸೇವಕರ ಅರ್ಜಿ ಕರೆದಿಲ್ಲ ಇನ್ನೂ, ಕರೆದ ದಿನ ಹಾಕ್ತೀನಿ. ಎಲ್‌ಎಲ್‌ಬಿ ಬಗ್ಗೆ ಮೈಸೂರಿನಲ್ಲಿ ಹಾಸ್ಟೆಲ್ ವಿಚಾರಿಸ್ತಿದ್ದೀವಿ.

ಕೊಡ್ಲಿಪೇಟೆ_ಅಮ್ಮ

ಓದುತ್ತಾ ಬಂದೆ. ನಮ್ಮನೆಯವರು ತೀರಿಕೊಂಡು ಎರಡು ವರ್ಷ. ಪಹಣಿ ಇನ್ನೂ ಮಾವನವರ ಹೆಸರಲ್ಲಿದೆ, ಅದರಲ್ಲೂ ಹೆಸರು ತಪ್ಪಿದೆ. ಯಾರನ್ನು ಕೇಳಬೇಕು ಗೊತ್ತಾಗ್ತಿಲ್ಲ ಮಗಳೇ.

ಶನಿವಾರಸಂತೆ_ಬಿಎ

ಅಮ್ಮ, ಎರಡು ಕೆಲಸ ಇದೆ, ಒಂದೊಂದಾಗಿ ಮಾಡೋಣ. ಈಗ ಯಾರಿಗೂ ದುಡ್ಡು ಕೊಡಬೇಡಿ. ಇಬ್ಬರದೂ ಮರಣ ಪ್ರಮಾಣಪತ್ರ ಇದೆಯಾ ನೋಡಿ. ಪಹಣಿಯಲ್ಲಿ 10ನೇ ಕಾಲಂನಲ್ಲಿ ಎಂ.ಆರ್. ಅಂತ ಒಂದು ನಂಬರು ಇರುತ್ತೆ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸರ್ವೆ ನಂಬರೂ ಬರೆದುಕೊಳ್ಳಿ. ಸೋಮವಾರ ಸಂತೆಗೆ ಅಪ್ಪನ ಜೊತೆ ಸೋಮವಾರಪೇಟೆಗೆ ಬರ್ತೀನಿ, ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿ ಜಗಲಿಯಲ್ಲಿ ಇರ್ತೀನಿ. ಹಸಿರು ಬ್ಯಾಗು.